ಬೇಸ್‌ಮೆಂಟ್ ಬೃಹಸ್ಪತಿ

ಬೀಗ ಹಾಕಿದ ಕಾರು, ಒಳಗೆ ಸತ್ತ ಬ್ಯಾಟರಿ, ಹೊರಗೆ ರಿಮೋಟ್ ಒತ್ತುತ್ತಾ ನಿಂತ ಯಜಮಾನ, ಇಷ್ಟು ಸೇರಿದರೆ ಸಾಕು, ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಾದರೂ ಅವರು ತಾವಾಗಿಯೇ ಒದಗಿ ಬರುತ್ತಾರೆ. ಯಾರೂ ಹೇಳಿಕಳಿಸಿರುವುದಿಲ್ಲ. ಕೈಯಲ್ಲಿ ಹಾಲಿನ ಪ್ಯಾಕೆಟ್, ಕಾಲಲ್ಲಿ ವಾಕಿಂಗ್ ಶೂ, ಬೇರೆಲ್ಲಿಗೋ ಹೊರಟ ಮುಖ; ಆದರೆ ಮುಂದಿನ ಟಯರಿಗೆ ಒಂದು ಸಲ ಮೆಲ್ಲಗೆ ಒದ್ದು ನೋಡಿದರೆಂದರೆ ಮುಗಿಯಿತು, ಇನ್ನು ಅಲ್ಲಿಂದ ಅಲ್ಲಾಡುವವರಲ್ಲ. ಮೊದಲ ಪ್ರಶ್ನೆ, "ಲೈಟ್ ಆಫ್ ಮಾಡಿದ್ರಾ?" ಎರಡನೆಯದು, "ಎಷ್ಟು ದಿನ ಆಯ್ತು ಸಾರ್ ಗಾಡಿ ತೆಗೆದು?" ಉತ್ತರ ಏನೇ ಬರಲಿ, ತೀರ್ಪು ಒಂದೇ: "ನಾನು ಅಂದ್ಕೊಂಡೆ." ಮೂರನೆಯದು ಪ್ರಶ್ನೆಯಲ್ಲ, ಅಪ್ಪಣೆ: "ಯಾರ ಮನೇಲಾದ್ರೂ ಸ್ಟೀಲ್ ಸ್ಕೇಲ್ ಇದ್ರೆ ತರ್ಸಿ." ಇವರೇ ಬೇಸ್‌ಮೆಂಟ್ ಬೃಹಸ್ಪತಿ.

ಇವರನ್ನು ಕಂಡು ನಗುವುದು ಸುಲಭ, ನಗಬೇಕಾದದ್ದೂ ಹೌದು. ಆದರೆ ಇವರು ಏನೂ ತಿಳಿಯದೆ ಬಾಯಿ ಹಾಕುವವರು ಎಂಬ ಸಾರ್ವಜನಿಕ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಆ ಎರಡು ಪ್ರಶ್ನೆಗಳನ್ನೇ ತೂಗಿ ನೋಡಿ. ಸಣ್ಣ ಕಾರಿನ ಬ್ಯಾಟರಿಯ ಶಕ್ತಿ 35ರಿಂದ 45 ಆಂಪಿಯರ್-ಅವರ್. 55 ವ್ಯಾಟಿನ ಎರಡು ಹೆಡ್‌ಲೈಟ್ ಉರಿಯುತ್ತಿದ್ದರೆ ಗಂಟೆಗೆ ಒಂಬತ್ತು ಆಂಪಿಯರ್-ಅವರ್ ಹೋಗುತ್ತದೆ; ರಾತ್ರಿ ಊಟಕ್ಕೆ ಮುಂಚೆ ಮರೆತ ದೀಪ ನಡುರಾತ್ರಿ ದಾಟುವುದರೊಳಗೆ ಬ್ಯಾಟರಿಯನ್ನು ನುಂಗಿ ನೀರು ಕುಡಿದಿರುತ್ತದೆ. ದೀಪ ಆರಿಸಿದ್ದರೂ ಕಾರು ಪೂರ್ತಿ ಮಲಗುವುದಿಲ್ಲ. ಅಲಾರಂ, ಗಡಿಯಾರ, ರಿಮೋಟಿನ ಕರೆಗೆ ಕಿವಿಗೊಟ್ಟು ಕೂತ ರಿಸೀವರು ಸೇರಿ 20ರಿಂದ 50 ಮಿಲಿ ಆಂಪಿಯರ್ ಹೀರುತ್ತಲೇ ಇರುತ್ತವೆ. 50ರ ಲೆಕ್ಕ ಹಿಡಿದರೆ 45 ಆಂಪಿಯರ್-ಅವರ್ ಬರಿದಾಗಲು 900 ಗಂಟೆ, ಅಂದರೆ ಮೂವತ್ತೇಳು ದಿನ. ಸ್ಟಾರ್ಟ್ ಆಗದಿರಲು ಅಷ್ಟೂ ಬೇಕಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿಗೆ ಮರಳುವ ದಂಪತಿಗಳ ಕಾರು ಯಾಕೆ ಮಾತಾಡುವುದಿಲ್ಲ ಎಂಬುದಕ್ಕೆ ಇದೇ ಕಾರಣ. 2020ರ ಮಾರ್ಚ್ ಕೊನೆಗೆ ದೇಶಕ್ಕೆಲ್ಲ ಬಾಗಿಲು ಹಾಕಿದಾಗ ಬೇಸ್‌ಮೆಂಟುಗಳಲ್ಲಿ ಧೂಳು ಹೊದ್ದು ನಿಂತ ಕಾರುಗಳಿಗೂ ಇದೇ ಗತಿಯಾಯಿತು. "ಎಷ್ಟು ದಿನ ಆಯ್ತು?" ಎಂಬುದು ವೈದ್ಯರು ಕೇಳಬೇಕಾದ ಪ್ರಶ್ನೆಯೇ. ಬೃಹಸ್ಪತಿಗಳು ರೋಗವನ್ನು ಸರಿಯಾಗಿಯೇ ಹಿಡಿಯುತ್ತಾರೆ. ಎಡವುವುದು ಮದ್ದಿನಲ್ಲಿ.

ಆ ಮದ್ದೂ ಒಂದು ಕಾಲಕ್ಕೆ ರಾಮಬಾಣವಾಗಿತ್ತು. ಅಂಬಾಸಿಡರ್, ಫಿಯೆಟ್ಟುಗಳ ಮುಂಬಾಗಿಲಿಗೆ ತಿರುಗುವ ಒಂದು ತ್ರಿಕೋನದ ಗಾಜು ಇರುತ್ತಿತ್ತು. ಅದನ್ನು ಪುಸಲಾಯಿಸಿ ಕೈ ತೂರಿಸಿದರೆ ಬಾಗಿಲು ತೆರೆದಂತೆಯೇ. ಆಮೇಲೆ ಬಂದ ಮಾರುತಿ 800ರಲ್ಲಿ ಕಿಟಕಿಯ ರಬ್ಬರಿನ ಸಂದಿಯಲ್ಲಿ ಸ್ಕೇಲ್ ಇಳಿಸಿ ಒಳಗಿನ ಸರಳನ್ನು ಮೀಟಬಲ್ಲವರು ಬೀದಿಗೊಬ್ಬರು ಸಿಗುತ್ತಿದ್ದರು. ಬ್ಯಾಟರಿ ಸತ್ತರೆ ಅಂಬಾಸಿಡರಿನ ಮೂತಿಗೆ ಹ್ಯಾಂಡಲ್ ಚುಚ್ಚಿ ತಿರುಗಿಸಬಹುದಿತ್ತು. ಇಲ್ಲವೇ ನಾಲ್ಕು ಜನ ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿಕೊಂಡು ಏಳುತ್ತಿತ್ತು. ಬೃಹಸ್ಪತಿಗಳು ಕಲಿತದ್ದೆಲ್ಲ ಈ ಗುರುಕುಲದಲ್ಲಿ, ಕೈಗೆ ಗ್ರೀಸು ಹತ್ತಿಸಿಕೊಂಡು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತುಹೋಯಿತು. ವಿದ್ಯೆ ಮಾತ್ರ ನಿಲ್ಲಲಿಲ್ಲ, ಅದು ಬೇಸ್‌ಮೆಂಟಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಓಡಾಡಿಕೊಂಡಿದೆ.

ಈಗ ಅವರ ಎದುರು ನಿಂತಿರುವುದು ಬೇರೆಯೇ ಪ್ರಾಣಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಎರಡು ಜೀವಗಳಿವೆ: ಜೇಬಿನಲ್ಲಿರುವ ರಿಮೋಟಿನ 3 ವೋಲ್ಟಿನ ಬಿಲ್ಲೆಯಂಥ ಸೆಲ್, ಬಾನೆಟ್ಟಿನಡಿಯ 12 ವೋಲ್ಟಿನ ಬ್ಯಾಟರಿ. ಕೂಗುವುದು ಮೊದಲನೆಯದು, ಓಗೊಡಬೇಕಾದ್ದು ಎರಡನೆಯದು. ಬೃಹಸ್ಪತಿಗಳು ಯಾವಾಗಲೂ ಕೂಗುವವನ ಗಂಟಲಿಗೇ ಮದ್ದು ಹಾಕುತ್ತಾರೆ. ಸೆಲ್ ಬಿಚ್ಚಿಸುತ್ತಾರೆ, ಅಂಗಿಗೆ ಉಜ್ಜಿಸುತ್ತಾರೆ, ತಿರುಗಿಸಿ ಹಾಕಿಸುತ್ತಾರೆ. ಅದೂ ಆಗದಿದ್ದರೆ ರಿಮೋಟನ್ನು ಗದ್ದಕ್ಕೋ ತಲೆಗೋ ಒತ್ತಿ ಹಿಡಿದು ಒತ್ತಲು ಹೇಳುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಇದು ಸುಳ್ಳಲ್ಲ; ತಲೆಯೊಳಗಿನ ನೀರಿನ ಅಂಶದ ದೆಸೆಯಿಂದ ಸಿಗ್ನಲ್ ಇನ್ನಷ್ಟು ದೂರ ಹೋಗುತ್ತದೆ. ಆದರೆ ಒಂದು ಅಡಿ ದೂರದಲ್ಲಿರುವ ಕಿವುಡನಿಗೆ ಮೈಕು ಹಿಡಿದು ಏನು ಪ್ರಯೋಜನ? ತಳ್ಳಿ ಸ್ಟಾರ್ಟ್ ಮಾಡುವ ಮಾತೂ ಹಾಗೆಯೇ. ಆಟೋಮ್ಯಾಟಿಕ್ ಕಾರನ್ನು ಮೈಸೂರಿನವರೆಗೆ ತಳ್ಳಿದರೂ ಅದು ತಳ್ಳಿಸಿಕೊಂಡೇ ಹೋಗುತ್ತದೆ. ಅದಿರಲಿ, ಬಾಗಿಲೇ ತೆರೆಯದೆ ಗೇರ್ ಹಾಕುವವರು ಯಾರು?

ಉಪಾಯ ಇರುವುದು ಬೃಹಸ್ಪತಿಗಳು ತಿರುಗಿಸಿ ತಿರುಗಿಸಿ ನೋಡುತ್ತಿರುವ ಆ ರಿಮೋಟಿನ ಹೊಟ್ಟೆಯಲ್ಲೇ. ಪಕ್ಕದ ಸಣ್ಣ ಚಿಲಕವನ್ನು ಸರಿಸಿ ಎಳೆದರೆ ಬೆರಳುದ್ದದ ಲೋಹದ ಕೀ ಹೊರಬರುತ್ತದೆ. ಅದನ್ನು ತೂರಿಸಲು ಡ್ರೈವರ್ ಬದಿಯ ಹಿಡಿಯಲ್ಲಿ ತೂತು ಇರುತ್ತದೆ. ಕಾಣದಿದ್ದರೆ ಹಿಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗಿನ ಸೀಳಿಗೆ ಅದೇ ಕೀಯ ತುದಿ ಕೊಟ್ಟು ಮೀಟಬೇಕು. ಕೀ ತೂರಿಸಿ ತಿರುಗಿಸಿದರೆ ಆ ಒಂದು ಬಾಗಿಲು ತೆರೆಯುತ್ತದೆ, ಮಿಕ್ಕವನ್ನು ಒಳಗಿನಿಂದ ತೆರೆದುಕೊಳ್ಳಬಹುದು. ಒಂದು ನಿಮಿಷದ ಕೆಲಸ. ಇಷ್ಟು ಸುಲಭವಾದದ್ದು ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡ ಯಜಮಾನನಿಗೇ ಯಾಕೆ ಗೊತ್ತಿರುವುದಿಲ್ಲ? ಕಾರು ಮಾಡುವವರಿಗೆ ಕೀಲಿ ತೂತೆಂದರೆ ನಾಚಿಕೆ, ಹಳೆಯ ಬಡತನದ ಗುರುತು. ಅದನ್ನು ಬಣ್ಣದ ಮುಚ್ಚಳದಲ್ಲಿ ಮುಚ್ಚಿ, ಮುಚ್ಚಿದ ವಿಷಯವನ್ನು ದಪ್ಪ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಕಾರಿನೊಳಗಿಟ್ಟು ಬೀಗ ಹಾಕಿಸಿದ್ದಾರೆ. ಬಾನೆಟ್ ತೆರೆಯುವ ಲಿವರೂ ಒಳಗೇ. ವಿದ್ಯುತ್ ಕಾರಿನ ಕಥೆ ಇನ್ನೂ ಚೆನ್ನ: ನೆಲದಡಿ ನೂರಾರು ಕಿಲೋಮೀಟರ್ ಓಡಿಸುವ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಬಾಗಿಲು ಕಾಯುವುದು ಅದೇ ಪುಟ್ಟ 12 ವೋಲ್ಟಿನದು. ಕಣಜ ತುಂಬ ಭತ್ತ, ಉಗ್ರಾಣದ ಮುದುಕ ಮಲಗಿದ್ದಾನೆ. ಹೇಳಬೇಕಾದವರು ಹೀಗೆ ಬಾಯಿ ಮುಚ್ಚಿ ಕೂತ ಜಾಗದಲ್ಲಿ ಹೇಳಬಾರದವರು ಬಾಯಿ ತೆರೆಯುತ್ತಾರೆ. ಬೃಹಸ್ಪತಿಗಳು ಹುಟ್ಟಿದ್ದು ಆ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಎಂಬುದು ನನ್ನ ವಾದ.

ಆ ಪುಸ್ತಕ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ಸಿಗ್ನಲ್ ಇದ್ದರೆ. ಎರಡು ಅಂತಸ್ತು ನೆಲದಡಿ ಮೊಬೈಲ್ ಕೂಡ ಆ ಕಾರಿನಷ್ಟೇ ಮೂಕ. ಮೇಲೆ ಹತ್ತಿ ಹೋಗಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಬಹುದು. "ಆನ್ ದಿ ವೇ" ಎನ್ನುತ್ತಾರೆ. ಹಾಗೆಂದಾಗಿನಿಂದ ಅವರು ನಿಜವಾಗಿ ಬರುವವರೆಗಿನ ಅವಧಿಯೇ ಬೃಹಸ್ಪತಿಗಳ ರಾಜ್ಯಭಾರ. ಹೊಸ ತಲೆಮಾರಿನವರು ಹೀಗಲ್ಲ ಎಂಬ ಇನ್ನೊಂದು ಆಕ್ಷೇಪವುಂಟು. ಅವರಿಗೂ ಅದೇ ಗುಣ, ಗುರು ಮಾತ್ರ ಬೇರೆ. ತೂತು ಮಾಡಿದ ಟೆನಿಸ್ ಚೆಂಡನ್ನು ಬೀಗಕ್ಕೆ ಒತ್ತಿದರೆ ಗಾಳಿಯ ಒತ್ತಡಕ್ಕೆ ಬಾಗಿಲು ತೆರೆಯುತ್ತದೆಂಬ ವಿಡಿಯೊ ನೋಡಿದವರು ಅವರು. ಮಿಥ್‌ಬಸ್ಟರ್ಸ್ ಎಂಬ ಟಿವಿ ಕಾರ್ಯಕ್ರಮದವರು ಅದನ್ನು ಮಾಡಿ ನೋಡಿ ಆಗದ ಮಾತೆಂದು ತೋರಿಸಿದ್ದಾರೆ. ಸ್ಕೇಲಿನವರಿಗೆ ಕೈಯಾರೆ ಮಾಡಿದ ಅನುಭವವಾದರೂ ಇದೆ.

ಗಟ್ಟಿಯಾದ ಆಕ್ಷೇಪ ಒಂದೇ: ಇವರಿಂದ ಹಾನಿ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಈಗಿನ ಬಾಗಿಲೊಳಗೆ ವೈರುಗಳಿವೆ, ಪವರ್ ವಿಂಡೋದ ಮೋಟಾರಿದೆ, ಕೆಲವದರಲ್ಲಿ ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸೆನ್ಸರಿದೆ; ಅಲ್ಲಿ ಸ್ಕೇಲ್ ಆಡಿಸುವುದೆಂದರೆ ಹೊಟ್ಟೆನೋವಿಗೆ ಕುಡುಗೋಲು ಹಿಡಿದಂತೆ. ಬ್ಯಾಟರಿ ಸತ್ತದ್ದಕ್ಕೆ ಐದಾರು ಸಾವಿರ, ಅವರ ಉಪಕಾರಕ್ಕೆ ಅದಕ್ಕಿಂತ ಹೆಚ್ಚು ಎಂದಾಗುವ ಸಂಭವ ಇದ್ದೇ ಇದೆ. ಆದರೂ ಕೊನೆಗೆ ಜಂಪರ್ ಕೇಬಲ್ ಹಾಕಲು ಇನ್ನೊಂದು ಕಾರು ಬೇಕೆಂದಾಗ, ಯಾವ ಮನೆಯವರ ಕಾರು ಹತ್ತಿರವಿದೆ, ಅವರು ಎದ್ದಿದ್ದಾರೆಯೇ, ಕೇಳಿದರೆ ಕೊಡುವ ಪೈಕಿಯೇ ಎಂಬುದು ಗೊತ್ತಿರುವುದು ಇವರೊಬ್ಬರಿಗೇ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾಗಿ ಅವರ ನಿಜವಾದ ವೈಭವ ನೋಡಬೇಕಾದ್ದು ಬಾಗಿಲು ತೆರೆದ ಮೇಲೆ. ತೆರೆದವನು ಸಾಮಾನ್ಯವಾಗಿ ಕಾರು ತೊಳೆಯುವ ಹುಡುಗ. ದಿನಾ ಆ ಹಿಡಿಯನ್ನು ಒರೆಸುವವನಿಗೆ ಮುಚ್ಚಳದ ಸೀಳು ಕಂಡಿರುತ್ತದೆ. ಬೃಹಸ್ಪತಿಗಳು "ಅದನ್ನೇ ನಾನು ಆಗ್ಲಿಂದ ಹೇಳ್ತಿರೋದು" ಎಂದು ಬಾನೆಟ್ಟಿನ ಕಡೆ ನಡೆಯುತ್ತಾರೆ. ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ, ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು, ಕಿಡಿ ದೂರವೇ ಹಾರಲಿ. ಇದನ್ನು ಅವರು ತಪ್ಪಿಲ್ಲದೆ ಮಾಡಿಸುತ್ತಾರೆ. ಕರೆಂಟು ಬಂದ ಗಳಿಗೆ ಅಲಾರಂ ಬೊಬ್ಬೆ ಹೊಡೆಯುತ್ತದೆ, ಕಾರಿನ ಮಟ್ಟಿಗೆ ಲೋಹದ ಕೀಯಲ್ಲಿ ಬಂದವನು ಕಳ್ಳನೇ. ಗಾಬರಿಯಲ್ಲಿ ಯಜಮಾನ ರಿಮೋಟನ್ನು ಸೀಟಿನ ಮೇಲೆ ಹಾಕಿ, ಬಾಗಿಲು ದೂಡಿ, ಕೇಬಲ್ ಕೀಳಲು ಓಡುತ್ತಾನೆ. ಕರೆಂಟು ಮರಳಿದೊಡನೆ ತಾವಾಗಿಯೇ ಲಾಕ್ ಆಗುವ ಕಾರುಗಳೂ ಇವೆ. ಟಕ್ ಎಂಬ ಸದ್ದು ಕೇಳಿ ಎಲ್ಲರೂ ತಿರುಗಿ ನೋಡಿದರೆ, ಬೃಹಸ್ಪತಿಗಳ ಕೈಯಲ್ಲಿ ಸ್ಕೇಲ್ ಇನ್ನೂ ಇರುತ್ತದೆ.