ದಯವಿಟ್ಟು ಆ ತೆಂಗಿನ ಮರ ಕಡಿಸಿ

ಗುರುಗ್ರಾಮ, ನೋಯ್ಡಾ, ದರಿಯಾಗಂಜ್‌ಗಳಲ್ಲಿ ಕುಳಿತು ಕನ್ನಡ ಕಾದಂಬರಿಗಳ ಇಂಗ್ಲಿಷ್ ಅನುವಾದಕ್ಕೆ ಮುಖಪುಟ ಬರೆಸುವ ಮಹನೀಯರ ಸನ್ನಿಧಿಗೆ,

ದೆಹಲಿಯ ದ್ವಾರಕಾದ ಕನ್ನಡ ಓದುಗನೊಬ್ಬನ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ಹೊಗೆ ಎಂದಿನಂತಿದೆ. ತಮ್ಮ ಕಂಪ್ಯೂಟರಿನಲ್ಲಿರುವ ತೆಂಗಿನ ಮರವೂ ಕ್ಷೇಮವಾಗಿದೆ ಎಂದು ಹೊಸ ಪುಸ್ತಕಗಳನ್ನು ನೋಡಿ ತಿಳಿದು ಸಂತೋಷವಾಯಿತು.

ಯಾವ ಪ್ರಕಾಶನವೆಂದು ಹೆಸರು ಹಿಡಿದು ಹೇಳುವುದಿಲ್ಲ. ಹೇಳಿದರೆ ಉಳಿದವರು ತಾವು ಬಚಾವಾದೆವೆಂದು ತಿಳಿದಾರು. ತಮ್ಮ ಕಾರ್ಯವಿಧಾನ ನನಗೆ ಅರ್ಥವಾದದ್ದು ಹೀಗೆ: ಕಥೆ ವಿಂಧ್ಯದಿಂದ ಕೆಳಗೆ ನಡೆದರೆ ತೆಂಗು. ಅದರಲ್ಲಿ ಹೆಂಗಸಿದ್ದರೆ ಬೆನ್ನು ತಿರುಗಿಸಿ ನಿಂತ ಒಂದು ಸೀರೆ. ಮುಖ ಬರೆಯಬೇಕೆಂದರೆ ಕಾದಂಬರಿ ಓದಬೇಕಾಗುತ್ತದೆ, ಬೆನ್ನಿಗೆ ಆ ತೊಂದರೆಯಿಲ್ಲ. ಬ್ರಾಹ್ಮಣರಿದ್ದರೆ ಗೋಪುರ, ಅದೂ ಮಧುರೆಯದು. ಬಡವರಿದ್ದರೆ ಬಿರುಕುಬಿಟ್ಟ ಪಾದ. ದೆಹಲಿಯ ಬಸ್ಸುಗಳಲ್ಲಿ ನಮ್ಮನ್ನೆಲ್ಲ ಒಟ್ಟಿಗೆ ‘ಮದ್ರಾಸಿ’ ಎಂದು ಕರೆಯುವವರು ಈಚೆಗೆ ಕಡಿಮೆಯಾಗಿದ್ದಾರೆ. ಎಲ್ಲಿ ಹೋದರೋ ಎಂದುಕೊಂಡಿದ್ದೆ. ತಮ್ಮ ವಿನ್ಯಾಸ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಾರೆ!

ಮರದ ವಿಷಯವನ್ನೇ ಸ್ವಲ್ಪ ಮಾತಾಡೋಣ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮಲೆನಾಡಿನ ಕಥೆ. ಅಲ್ಲಿ ತೋಟವೆಂದರೆ ಅಡಿಕೆ ತೋಟ, ಕಳ್ಳೆಂದರೆ ಬಗನಿ ಕಳ್ಳು. ಅಡಿಕೆ ಸಪೂರ, ನೆಟ್ಟಗೆ. ಬಗನಿಗೆ ಮೀನಿನ ಬಾಲದಂಥ ಎಲೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಹೆಣವೊಂದು ಸಂಸ್ಕಾರವಿಲ್ಲದೆ ಕೊಳೆಯುತ್ತಿದೆ, ಇಲಿಗಳು ಬಿದ್ದು ಸಾಯುತ್ತಿವೆ, ಅಗ್ರಹಾರದ ಸೂರಿನ ಮೇಲೆ ಹದ್ದು ಕೂತಿದೆ. ಅಂಥ ದೂರ್ವಾಸಪುರದ ಹಿಂದೆ ಕೇಸರಿ ಸಂಜೆ ಬಳಿದು ಮರ ನಿಲ್ಲಿಸಿದರೆ, ಪ್ಲೇಗಿಗೆ ಪ್ರವಾಸೋದ್ಯಮ ಇಲಾಖೆಯೇ ಜಾಹೀರಾತು ಕೊಟ್ಟಂತಾಗುತ್ತದೆ.

ತೆಂಗು ಹಾಕದಿದ್ದರೆ ನಿದ್ದೆ ಬಾರದೆಂದಾದರೆ ಭೈರಪ್ಪನವರ ‘ಗೃಹಭಂಗ’ ಎತ್ತಿಕೊಳ್ಳಿ. ಅದು ತಿಪಟೂರು, ಚನ್ನರಾಯಪಟ್ಟಣದ ಸೀಮೆ, ಕೊಬ್ಬರಿಯ ನಾಡು. ಅಲ್ಲಿ ನಿಮ್ಮ ಮರ ಬೇರು ಬಿಡಲಿ, ತಕರಾರಿಲ್ಲ. ಆದರೆ ಕೈಲಾಗದ ಗಂಡನ ಬದಲು ಶ್ಯಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸುತ್ತಾಳಲ್ಲ ನಂಜಮ್ಮ, ಆ ಕೈಗೆ ಮಾತ್ರ ಮೆಹಂದಿ ಹಚ್ಚಬೇಡಿ.

ತಮ್ಮ ಕಷ್ಟವೂ ಗೊತ್ತು. ಕಲಾವಿದನ ಕೈಗೆ ಸಿಗುವುದು ಪುಸ್ತಕವಲ್ಲ, ಮೂರು ಸಾಲಿನ ಸಾರಾಂಶ. ಅವನು ಬರೆದದ್ದನ್ನು ಮಾರಾಟ ವಿಭಾಗ ಒಪ್ಪಬೇಕು. ಕೊನೆಗೆ ಅದು ಫೋನಿನ ಪರದೆಯ ಮೇಲೆ ಅಂಚೆಚೀಟಿಯಷ್ಟಾದಾಗಲೂ ಕಾಣಬೇಕು. ಆ ಅಳತೆಗೆ ಅಡಿಕೆಯೇನು, ತೆಂಗೇನು!

ಆದರೂ ಒಂದು ಹಳೆಯ ಪತ್ರದ ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. 1915ರ ಅಕ್ಟೋಬರಿನಲ್ಲಿ ಕಾಫ್ಕಾ ತನ್ನ ಪ್ರಕಾಶಕರಿಗೆ ಗಾಬರಿಯಿಂದ ಬರೆದ. ‘ಮೆಟಮಾರ್ಫಸಿಸ್’ನ ಮುಖಪುಟವನ್ನು ಒಟ್ಟೊಮಾರ್ ಸ್ಟಾರ್ಕೆ ಬರೆಯುತ್ತಾನೆಂದು ಅವನಿಗೆ ಗೊತ್ತಾಗಿತ್ತು. ಎಲ್ಲಿ ಕಥಾನಾಯಕ ಮಾರ್ಪಟ್ಟ ಹುಳುವನ್ನೇ ಬರೆದುಬಿಡುತ್ತಾನೋ ಎಂಬ ಭಯ. ದೂರದಿಂದ ಕೂಡ ಅದನ್ನು ತೋರಿಸಕೂಡದೆಂದು ಬೇಡಿಕೊಂಡ. ಸ್ಟಾರ್ಕೆ ಬರೆದದ್ದು ಅರೆ ತೆರೆದ ಬಾಗಿಲು, ಒಳಗೆ ಕತ್ತಲು, ಮುಖ ಮುಚ್ಚಿಕೊಂಡು ಈಚೆ ಬರುತ್ತಿರುವ ಒಬ್ಬ ಮನುಷ್ಯ. ಹುಳು ಇಲ್ಲ. ತಮ್ಮ ಕಚೇರಿಯಲ್ಲಾಗಿದ್ದರೆ ಹುಳುವಿನ ಜೊತೆಗೆ ಅದಕ್ಕೊಂದು ಸೀರೆಯೂ ಸಿಗುತ್ತಿತ್ತು.

ವಿದೇಶದ ಮಾತು ರುಚಿಸದಿದ್ದರೆ ಸತ್ಯಜಿತ್ ರೇ ಇದ್ದಾರೆ. ಸಿನಿಮಾ ಮಾಡುವ ಮೊದಲು ಅವರು ಕಲ್ಕತ್ತೆಯ ಸಿಗ್ನೆಟ್ ಪ್ರೆಸ್‌ಗೆ ಮುಖಪುಟ ಬರೆಯುತ್ತಿದ್ದರು. ಜಿಮ್ ಕಾರ್ಬೆಟ್‌ನ ಕುಮಾವೂನಿನ ನರಭಕ್ಷಕಗಳ ಪುಸ್ತಕಕ್ಕೆ ಹುಲಿಯನ್ನು ಬರೆಯಲಿಲ್ಲ. ಇಡೀ ಹೊದಿಕೆಗೆ ಹುಲಿಯ ಚರ್ಮ ಹೊದಿಸಿ, ಒಂದು ಬದಿಯಲ್ಲಿ ಗುಂಡು ಹೊಕ್ಕ ತೂತು, ಇನ್ನೊಂದು ಬದಿಯಲ್ಲಿ ಅದು ಹೊರಬಿದ್ದ ತೂತು ಇಟ್ಟರು. ಅದೇ ರೇ ವಿನ್ಯಾಸ ಮಾಡಿದ ಫಲಕವನ್ನೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಜೊತೆ ಇವತ್ತಿಗೂ ಕೊಡುತ್ತದೆ. ಅಕಾಡೆಮಿ ಇರುವುದು ಮಂಡಿ ಹೌಸ್‌ನ ಬಳಿಯಲ್ಲೇ, ಮೆಟ್ರೊ ಹತ್ತಿದರೆ ಮುಗಿಯಿತು. ಅಕಾಡೆಮಿಯ ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ನಾಗಾರ್ಜುನಕೊಂಡದ ಶಿಲ್ಪವೊಂದಿದೆ: ಮಾಯಾದೇವಿಯ ಕನಸಿನ ಅರ್ಥವನ್ನು ಜೋಯಿಸರು ಶುದ್ಧೋದನನಿಗೆ ಹೇಳುತ್ತಿದ್ದಾರೆ, ಕೆಳಗೆ ಲಿಪಿಕಾರನೊಬ್ಬ ಬರೆದುಕೊಳ್ಳುತ್ತಿದ್ದಾನೆ. ಹೊರಗಿನ ಮುಖಪುಟ ಸರ್ಕಾರಿ ಸುತ್ತೋಲೆಯಷ್ಟೇ ಗಂಭೀರವಾಗಿದ್ದರೂ ನನಗೆ ಬೇಸರವಿಲ್ಲ. ಸುತ್ತೋಲೆ ಸುಳ್ಳು ಊರು ತೋರಿಸುವುದಿಲ್ಲ.

ಎಲ್ಲರ ಮನೆ ದೋಸೆಯೂ ತೂತೇ, ಒಪ್ಪಿದೆ. ನಮ್ಮ ಬಸ್ ಸ್ಟ್ಯಾಂಡಿನ ಕಾದಂಬರಿಗಳ ಮೇಲೆ ತಟ್ಟೆಯಗಲದ ಕಣ್ಣು, ಅದರ ತುದಿಗೆ ಒಂದು ಹನಿ, ಒಳಗಿನ ಕಥೆ ಏನೇ ಇರಲಿ. ಆದರೆ ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರಂಥ ಕಲಾವಿದರು ಬರೆದದ್ದೂ ನಮ್ಮಲ್ಲೇ. ‘ಛಂದ ಪುಸ್ತಕ’ ಪ್ರಕಾಶನಕ್ಕೆ ಕಲಾವಿದ ‘ಅಪಾರ’ ಮಾಡಿದ ಮುಖಪುಟಗಳನ್ನು ತರಿಸಿ ನೋಡಿ. ಪುಸ್ತಕ ಓದಿದವನು ಬರೆದದ್ದು ಎಂದು ಗೊತ್ತಾಗುತ್ತದೆ.

ಇಷ್ಟೇಕೆ ಹಟವೆಂದರೆ, ಇಲ್ಲಿ ಹುಟ್ಟಿದ ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಅವರಿಗೆ ಕುವೆಂಪು, ಕಾರಂತರು ಸಿಗುವುದು ತಮ್ಮ ಅಂಗಡಿಯಲ್ಲೇ. ‘ಚೋಮನ ದುಡಿ’ಯ ಮೇಲೆ ತಾವು ಪಂಜಾಬಿ ಢೋಲು ಇಟ್ಟರೆ ದುಡಿ ಎಂದರೆ ಅದೇ ಎಂದು ನಂಬುತ್ತಾರೆ, ಮದುವೆಯ ದಿಬ್ಬಣದಲ್ಲಿ ಚೋಮನನ್ನು ಹುಡುಕುತ್ತಾರೆ.

ಆದ್ದರಿಂದ ಒಂದು ವ್ಯವಸ್ಥೆ ಸೂಚಿಸುತ್ತೇನೆ. ತಮ್ಮ ಕಲಾವಿದರೊಬ್ಬರನ್ನು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿಸಿ, ಟಿಕೆಟ್ ನನ್ನದು, ಸ್ಲೀಪರ್ ಕ್ಲಾಸು. ದಾರಿಯಲ್ಲಿ ಕಾದಂಬರಿ ಓದಿ ಮುಗಿಯುತ್ತದೆ. ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಸ್ಸಿದೆ. ಆಷಾಢದ ಮಳೆಯಲ್ಲಿ ಯಾವುದಾದರೂ ಅಡಿಕೆ ತೋಟಕ್ಕೆ ಇಳಿಯಲಿ. ಮುಂದಿನ ಪರಿಚಯವೆಲ್ಲ ಇಂಬಳಗಳು ಮಾಡಿಕೊಡುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಒಬ್ಬ ಓದುಗ