ಹಾಲಿನ ಬಾಬತ್ತು

ದಲಾಲಿ ಅಂಗಡಿಯ ದಿವಾಣಜಿಯ ಕೈಯಲ್ಲಿ ದಿನಾ ಲಕ್ಷಗಟ್ಟಲೆ ರೊಕ್ಕ ಓಡಾಡುತ್ತದೆ, ಅಂದಮೇಲೆ ಬೆರಳಿಗೆ ಒಂದಿಷ್ಟಾದರೂ ಅಂಟಿರಲೇಬೇಕು ಎಂಬುದು ಊರವರ ಲೆಕ್ಕ. ಬೆರಳಿಗೆ ಅಂಟದಿದ್ದರೆ ತಲೆಗಾದರೂ ಹತ್ತಿರಬೇಕು. ಹೀಗಾಗಿ ನಾನು ಸಂಜೆ ದೇಗಾಂವಕ್ಕೆ ಬಂದಿಳಿದರೆ ಕಟ್ಟೆಯ ಮೇಲೆ ಕೂತವರಲ್ಲಿ ಯಾರಾದರೊಬ್ಬರು ತಡೆದು ನಿಲ್ಲಿಸುತ್ತಾರೆ. "ದಿವಾಣಜಿಯವರ, ಕಬ್ಬಿನ ಬಿಲ್ಲ ಬಂದೈತಿ. ಎಲ್ಲಿ ಇಡೂಣು ಹೇಳ್ರಿ." ಕೇಳಿದವರ ಹೊಲ ಎಂಟೆಕರೆ, ನನ್ನ ಪಗಾರ ಅವರ ಡೀಸೆಲ್ ಖರ್ಚಿಗೆ ಸಾಲದು. ಆದರೂ ನಾನು ಚೀಲ ಕೆಳಗಿಟ್ಟು ಬ್ಯಾಂಕು, ಪೋಸ್ಟು, ಬಡ್ಡಿ, ಮುದ್ದತು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಮುಂದಿನ ವಾರ ಹೊಸ ಟ್ರೇಲರ್ ತರುತ್ತಾರೆ. ಟ್ರೇಲರಿನ ಪೂಜೆಗೆ ನನ್ನನ್ನೂ ಕರೆಯುತ್ತಾರೆ.

ನನ್ನ ಕೆಲಸ ಬೈಲಹೊಂಗಲದ ಪೇಟೆಯಲ್ಲಿ. ಹತ್ತಿ, ಸೋಯಾ, ಕಡಲೆ ಬರುವ ಅಂಗಡಿ. ನಾನು ಸೇರಿದಾಗ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳಿದ್ದವು. ಕೀರ್ದಿ ಬರೆ, ಅದನ್ನು ಖತಾವಣಿಗೆ ಎತ್ತು, ತಿಂಗಳ ಕೊನೆಗೆ ತೇರಿಜು ತೆಗೆ. ಈಗ ಎಲ್ಲ ಟ್ಯಾಲಿ. ಅದೂ ನಮ್ಮ ಬೆಂಗಳೂರಿನದೇ, 1986ರಲ್ಲಿ ಹುಟ್ಟಿದ ಕಂಪನಿ. ಆದರೆ ಸಾವಕಾರರು ಸಂಜೆ ಅಂಗಡಿಗೆ ಕಾಲಿಟ್ಟೊಡನೆ ಕೇಳುವ ಪ್ರಶ್ನೆ ಮಾತ್ರ ಅವರ ಅಜ್ಜನ ಕಾಲದ್ದೇ: "ಶಿಲ್ಕು ಎಷ್ಟೈತಿ?" ದೀಪಾವಳಿಯ ಲಕ್ಷ್ಮೀಪೂಜೆಗೆ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಕೀಲಿಮಣೆಯ ಮೇಲೆ ಭಂಡಾರ ಚೆಲ್ಲಿ, ಅದು ಒಳಗೆ ಇಳಿದು ಮರುದಿನದಿಂದ ಸೊನ್ನೆ ಒತ್ತಿದರೆ ಮೂರು ಸೊನ್ನೆ ಬೀಳತೊಡಗಿದ್ದುಂಟು. ಆ ಒಂದು ದಿನ ನಮ್ಮ ಅಂಗಡಿ ಬಹಳ ಶ್ರೀಮಂತವಾಗಿತ್ತು. ಅಂದಿನಿಂದ ಪೂಜೆಗೆಂದೇ ಒಂದು ಹೊಸ ಕೆಂಪು ಪುಸ್ತಕ ತರುತ್ತಾರೆ. ಮೊದಲ ಪುಟದಲ್ಲಿ ಶ್ರೀಕಾರ ಬರೆದು ಎತ್ತಿಟ್ಟರೆ ಮುಗಿಯಿತು. ಉಳಿದ ಪುಟಗಳು ಖಾಲಿ. ಆ ಪುಸ್ತಕ ಹಾಳಾಗಬಾರದೆಂದು ನಾನು ಮನೆಗೆ ಒಯ್ಯತೊಡಗಿದೆ. ನನ್ನ ಮನೆಯ ಲೆಕ್ಕಕ್ಕೆ ಪೀಠಿಕೆ ಬಿದ್ದದ್ದು ಹೀಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತೊಂಬತ್ತು ರೂಪಾಯಿಯ ಕಥೆ. ಟ್ಯಾಲಿ ಬಂದ ಮೇಲೆ ತೇರಿಜು ತಪ್ಪುವುದಿಲ್ಲ, ನಿಜ. ಎರಡೂ ಬದಿ ಕೂಡದ ಹೊರತು ಅದು ಮುಂದೆ ಬಿಡುವುದೇ ಇಲ್ಲ. ಆದರೆ ಪೆಟ್ಟಿಗೆಯೊಳಗಿನ ನೋಟು ಕಂಪ್ಯೂಟರಿನ ಮಾತು ಕೇಳಬೇಕಲ್ಲ. ಒಂದು ಮಾರ್ಚ್ 31ರ ರಾತ್ರಿ ಪೆಟ್ಟಿಗೆಯಲ್ಲಿ 90 ರೂಪಾಯಿ ಹೆಚ್ಚು ಬಂತು. ಸಾವಕಾರರು ಆಕಳಿಸುತ್ತ, "ಹೆಚ್ಚ ಬಂದೈತಲ್ಲ, ದೇವರ ಹುಂಡಿಗಿ ಹಾಕಿ ಮನೀಗಿ ನಡೀರಿ" ಅಂದರು. ದಿವಾಣಜಿಗೆ ಇದಕ್ಕಿಂತ ಅಪಶಕುನದ ಮಾತಿಲ್ಲ. ಕಡಿಮೆ ಬಂದರೆ ಕಿಸೆಯಿಂದ ತುಂಬಬಹುದು. ಹೆಚ್ಚು ಬಂದರೆ ಅದು ಯಾರದೋ ಇನ್ನೊಬ್ಬರದು. ಆ ಇನ್ನೊಬ್ಬರು ಯಾರೆಂದು ಗೊತ್ತಾಗುವವರೆಗೆ ನಿದ್ದೆ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಕಸುಬಿನವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ಫರಕನ್ನು 9ರಿಂದ ಭಾಗಿಸುವುದು. ನಿಶ್ಶೇಷವಾಗಿ ಭಾಗ ಹೋದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿವೆ ಎಂದು ಗುಮಾನಿ. 45ನ್ನು 54 ಮಾಡಿದರೆ 9 ಫರಕು, 560ನ್ನು 650 ಮಾಡಿದರೆ 90. ಯಾವ ಎರಡು ಅಂಕಿ ಜಾಗ ಬದಲಿಸಿದರೂ ಫರಕು 9ರ ಮಗ್ಗಿಯೊಳಗೇ ಬಂದು ಬೀಳುತ್ತದೆ. 90 ಭಾಗ ಹೋಯಿತು. ನಾನು ಅಂಗಡಿಯ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಿಂಗಳ ಚೀಟಿಗಳನ್ನೆಲ್ಲ ಒಂದೊಂದಾಗಿ ತಿರುವಿದೆ. ಎರಡು ಸಲ ಚಹಾ ಬಂತು, ಗಿರಮಿಟ್ಟು ಬಂತು, ಸಾವಕಾರರು ಗಾದಿಯ ಮೇಲೇ ಒರಗಿ ಗೊರಕೆ ಹೊಡೆದರು. ಕೊನೆಗೆ ಹಮಾಲಿಯ ಚೀಟಿಯೊಂದರಲ್ಲಿ ಸಿಕ್ಕಿತು. ಕೊಟ್ಟದ್ದು 3,560, ಹುಡುಗ ಒತ್ತಿದ್ದು 3,650. ತಿದ್ದಿದೆ. ಶಿಲ್ಕು ಕೂಡಿತು. ಆ ಸಂತೋಷವನ್ನು ಬೇರೆ ಕಸುಬಿನವರಿಗೆ ಹೇಳಿ ತಿಳಿಸಲಾಗದು. ಚಹಾ, ಗಿರಮಿಟ್ಟಿಗೆ ಆದ ಖರ್ಚು 140 ರೂಪಾಯಿ. ಅದನ್ನೂ ಫಳಾರದ ಬಾಬತ್ತಿಗೆ ಬರೆದೇ ಎದ್ದೆ.

ನಮ್ಮ ಅಂಗಡಿಗೆ ಸವದತ್ತಿ ಕಡೆಯಿಂದ ಬರುವ ಹಿರಿಯರೊಬ್ಬರಿದ್ದಾರೆ. ನಾನು ಕಾಕಾ ಅನ್ನುತ್ತೇನೆ. ಓದು ಬರಹ ಇಲ್ಲ. ಹತ್ತಿ ಮಾರಿದ ರೊಕ್ಕವನ್ನು ಪೂರ್ತಿ ಒಯ್ಯುವುದಿಲ್ಲ, "ಇರ್ಲಿ ಬಿಡೋ ತಮ್ಮಾ, ನಿಮ್ಮಲ್ಲೇ ಇರ್ಲಿ" ಅನ್ನುತ್ತಾರೆ. ಲೆಕ್ಕ ಹೇಳುವಾಗ ನಾನು ತಾರೀಖು ಓದಿದರೆ ಅವರು ತಿಥಿ ಹೇಳುತ್ತಾರೆ. "ಶೀಗಿ ಹುಣ್ಣಿವಿಗೆ ಬೀಜಕ್ಕ ಒಯ್ದೆ. ಎಳ್ಳಮಾಸಿ ಮುಂದ ಐದನೂರ. ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಹ್ವಾದಾಗ ಸಾವಿರ." ನನ್ನ ಪುಸ್ತಕ ಏಪ್ರಿಲಿನಿಂದ ಮಾರ್ಚಿಗೆ ನಡೆಯುತ್ತದೆ, ಅವರದು ಹುಣ್ಣಿಮೆಯಿಂದ ಅಮಾವಾಸ್ಯೆಗೆ. ಎರಡೂ ಕೊನೆಗೆ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಒಮ್ಮೆ ತಡೆಯಲಾರದೆ ಹೇಳಿದೆ: "ಕಾಕಾ, ಇಲ್ಲಿ ಬಡ್ಡಿ ಇಲ್ಲ. ಬ್ಯಾಂಕಿನ್ಯಾಗ ಇಟ್ರ ಬಡ್ಡಿ ಬರತೈತಿ." ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಬ್ಯಾಂಕು ನಮ್ಮ ಊರಾಗ ಐತೋ. ಮಗ ಕೇಳಿದ ದಿನಾನ ತಗಸ್ತಾನ. ಇಲ್ಲಿಗಿ ಬರಾಕ ಎರಡ ಬಸ್ ಬದಲಿ ಮಾಡಬೇಕು." ಕಾಕಾಗೆ ಬಡ್ಡಿ ಬೇಕಾಗಿರಲಿಲ್ಲ. ಬೇಕಾಗಿದ್ದು ದೂರ.

ಇನ್ನು ನನ್ನ ಮನೆಯ ಕೀರ್ದಿ. ಪೂಜೆಯ ಪುಸ್ತಕ ತಂದು, ಗೆರೆ ಹೊಡೆದು, ಬಾಬತ್ತು ಹಾಕಿ, ರಾತ್ರಿ ಊಟವಾದ ಮೇಲೆ ಮನೆಯವಳನ್ನು ಕೇಳಿ ಕೇಳಿ ಬರೆಯತೊಡಗಿದೆ. ಅವಳು ರೊಟ್ಟಿಯ ಹಂಚು ತಿಕ್ಕುತ್ತಲೇ ಹೇಳುವಳು: ಕಾಯಿಪಲ್ಯ ಇಷ್ಟು, ಗಿರಣಿ ಇಷ್ಟು, ಹಾಲು ಇಷ್ಟು. ತಿಂಗಳ ಕೊನೆಗೆ ಕೂಡಿ ನೋಡಿದರೆ ಜಮಾ ಇದ್ದಷ್ಟೇ ಖರ್ಚು, ಒಂದು ರೂಪಾಯಿ ಆಚೆಯಿಲ್ಲ, ಈಚೆಯಿಲ್ಲ. ಇಷ್ಟು ಚೊಕ್ಕ ಲೆಕ್ಕ ನಮ್ಮ ಅಂಗಡಿಯಲ್ಲೂ ಇರಲಿಲ್ಲ. ಲೆಕ್ಕ ಬರೆದರೆ ಉಳಿತಾಯವಾಗುತ್ತದೆ ಎಂದು ಎಲ್ಲ ಪತ್ರಿಕೆಗಳಲ್ಲೂ ಬರೆಯುತ್ತಾರೆ. ನಾನು ವರ್ಷಗಟ್ಟಲೆ ಬರೆದೆ, ಉಳಿದದ್ದು ಪುಸ್ತಕಗಳು. ನಡುವೆ ಒಮ್ಮೆ ಹಾಲಿನ ಬಾಬತ್ತು ಕಣ್ಣಿಗೆ ಹೊಡೆಯಿತು. ಅಷ್ಟು ಹಾಲು ನಿಜವಾಗಿ ತಂದಿದ್ದರೆ ಮನೆಯಲ್ಲಿ ಒಂದು ಬೆಣ್ಣೆಯ ಅಂಗಡಿಯನ್ನೇ ಇಡಬಹುದಿತ್ತು. ಕೇಳಿದ್ದಕ್ಕೆ "ಮಕ್ಕಳು ಬೆಳ್ಯಾಕ ಹತ್ಯಾವಲ್ಲರೀ" ಎಂದಳು. ಲೆಕ್ಕ ತಪಾಸಣೆ ಅಲ್ಲಿಗೆ ಮುಗಿಯಿತು.

ಮಗಳಿಗೆ ಧಾರವಾಡದಲ್ಲಿ ಕಾಲೇಜು ಸಿಕ್ಕ ವರ್ಷ ಫೀಜು, ಹಾಸ್ಟೆಲ್ಲು ಒಟ್ಟಿಗೇ ಕಟ್ಟಬೇಕಾಯಿತು. ಸಾವಕಾರರ ಹತ್ತಿರ ಉಚಲ ಕೇಳುವುದೆಂದು ನಿಶ್ಚಯಿಸಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮನೆಯವಳು ಹಪ್ಪಳದ ಡಬ್ಬಿಯ ತಳದಿಂದ ಒಂದು ಪಾಸ್‌ಬುಕ್ಕು ತೆಗೆದು ಮುಂದಿಟ್ಟಳು. ಪೋಸ್ಟಿನ ಆರ್‌ಡಿ, ಐದು ವರ್ಷದ್ದು. ತಿಂಗಳಿಗೆ 500, ಒಂದು ಕಂತೂ ತಪ್ಪಿಲ್ಲ. ಪುಟಗಳಿಗೆ ಇಂಗಿನ ವಾಸನೆ. ಗುಂಡು ಗುಂಡಾದ ಪೋಸ್ಟಿನ ಮುದ್ರೆಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಕಣ್ಣಲ್ಲಿ ನೀರು ಬರಬೇಕಿತ್ತು. ಕಸುಬಿನ ದೋಷ ನೋಡಿ, ಬಾಯಲ್ಲಿ ಬಂದದ್ದು ಬೇರೆ. "ಇದು ಕೀರ್ದಿಯೊಳಗ ಇಲ್ಲಲ್ಲ!"

"ಐತಲ್ಲರೀ. ಹಾಲು ಅಂತ ನೀವ ಬರ್ಕೊಂಡೀರಿ."

ಇದನ್ನೇ ಅಂಗಡಿಯಲ್ಲಿ ಹುಡುಗ ಮಾಡಿದ್ದರೆ ಅವ್ಯವಹಾರ ಅನ್ನುತ್ತಿದ್ದೆ, ಮರುದಿನ ಬರಬೇಡ ಅನ್ನುತ್ತಿದ್ದೆ.

ಆಮೇಲಿಂದ ಉಳಿತಾಯದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಬರೆದಿಟ್ಟ ರೊಕ್ಕ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದ ರೊಕ್ಕಕ್ಕೆ ಖರ್ಚು ತಾನಾಗಿ ಹುಟ್ಟುತ್ತದೆ. ಉಳಿಯುವುದು ಕೈಗೆ ಎಟುಕದ್ದು ಮಾತ್ರ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿದಾಗ ಇದನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಅವರ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕರಗಿತು, ಪಿಗ್ಮಿ ಕರಗಲಿಲ್ಲ. ನಮ್ಮ ಪೇಟೆಯಲ್ಲಿ ಸಂಜೆಯಾದರೆ ಪಿಗ್ಮಿಯವನು ಅಂಗಡಿ ಅಂಗಡಿ ಹತ್ತಿ ಇಳಿಯುತ್ತಾನೆ. ಎದುರಿನ ಚಹಾದಂಗಡಿಯವರಿಗೆ ನಾನು ಲೆಕ್ಕ ಮಾಡಿ ತೋರಿಸಿದ್ದೆ: ಪಿಗ್ಮಿಗಿಂತ ಆರ್‌ಡಿಯಲ್ಲಿ ಬಡ್ಡಿ ಹೆಚ್ಚು, ಅವಧಿಗೆ ಮೊದಲು ಮುರಿದರೆ ಪಿಗ್ಮಿಯಲ್ಲಿ ಕಡಿತವೂ ಉಂಟು. ಅವರು ಚಹಾ ಸೋಸುತ್ತ, "ಖರೆ ಐತ್ರಿ, ಆದ್ರ ಪೋಸ್ಟಿನಾವ ದಿನಾ ಇಲ್ಲಿಗಿ ಬಂದ ಕೈ ಚಾಚತಾನೇನ್ರಿ?" ಎಂದರು. ಬಡ್ಡಿಯ ಕೋಷ್ಟಕದಲ್ಲಿ ಇದಕ್ಕೆ ಕಾಲಮ್ಮು ಇಲ್ಲ.

ಹಾಗೆಂದು ಬಡ್ಡಿಯನ್ನು ನೋಡಲೇಬಾರದೆಂದಲ್ಲ. ಕಟ್ಟೆಯವರಿಗೆ ನಾನು ಹೇಳುವ ಸುಲಭದ ಲೆಕ್ಕವೊಂದಿದೆ: 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ರೊಕ್ಕ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯುತ್ತದೆ. 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಐದೂವರೆ ವರ್ಷಕ್ಕೆ ಇಮ್ಮಡಿ, ಅಂದರೆ ಹೆಚ್ಚುಕಡಿಮೆ ನೂರಕ್ಕೆ 13. 2023ರ ಏಪ್ರಿಲಿನಲ್ಲಿ ನಿಗದಿಯಾದ ದರ ಏಳೂವರೆ, ಇಮ್ಮಡಿಯಾಗಲು 115 ತಿಂಗಳು. ಭಾಗಿಸಿ ನೋಡಿ, ಕೂಡುತ್ತದೆ. ಹಾಗಾಗಿ ಯಾರಾದರೂ ನಾಲ್ಕೇ ವರ್ಷದಲ್ಲಿ ಡಬಲ್ ಎಂದರೆ ಅವನು ನೂರಕ್ಕೆ 18 ಕೊಡುತ್ತೇನೆ ಎಂದಂತಾಯಿತು. ಅಷ್ಟು ಅವನಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಐದು ಲಕ್ಷದವರೆಗೆ ವಿಮೆ ಇದೆ, ಅದಕ್ಕೆ ಮೊದಲು ಒಂದೇ ಲಕ್ಷವಿತ್ತು. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಸಂಘಗಳನ್ನು ಹಳಿಯುವವ ನಾನಲ್ಲ. 1905ರಲ್ಲೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ ಸೀಮೆ ನಮ್ಮದು. ಆದರೆ ಇರುವುದನ್ನೆಲ್ಲ ಒಂದೇ ಸಂಘದಲ್ಲಿಟ್ಟು ಅಧ್ಯಕ್ಷರು ನಮ್ಮ ಬೀಗರೇ ಎಂದು ಧೈರ್ಯ ಹೇಳಿಕೊಳ್ಳುವುದನ್ನು ನಾನು ಠೇವಣಿ ಅನ್ನುವುದಿಲ್ಲ.

ಮುರಿಯಲಾಗದ ಠೇವಣಿ ನೋಡಬೇಕೆಂದರೆ ನಮ್ಮೂರಿಗೆ ಬರಬೇಕು. ಗೋವೆಯ ಕದಂಬರ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ದೇಗಾಂವದಲ್ಲಿದೆ. ಮೂರು ಗರ್ಭಗುಡಿ, ಕಂಡರಿಸಿದವನು ತಿಪ್ಪೋಜ. ಶಾಸನಗಳಲ್ಲಿ ದಾನದ ವಿವರ ಆದ ಮೇಲೆ ಕೊನೆಯಲ್ಲಿ ಶಾಪ ಹಾಕುವುದು ಅಂದಿನ ವಾಡಿಕೆ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು. ಅವಧಿಗೆ ಮುನ್ನ ಹಿಂತೆಗೆದರೆ ಒಂದು ಪರ್ಸೆಂಟು ಕಡಿತ ಎನ್ನುವ ಈಗಿನ ಬ್ಯಾಂಕುಗಳು ಎಷ್ಟು ಮೆದುವೆಂದು ಗುಡಿಯ ಕಟ್ಟೆಯಲ್ಲಿ ಕೂತಾಗ ಅನ್ನಿಸುತ್ತದೆ.

ಇತ್ತ ಕಿತ್ತೂರು ಕೂಗಳತೆಯಲ್ಲಿದೆ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ ಮೇಲೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಬೊಕ್ಕಸಕ್ಕೆ ಮೊಹರು ಹಾಕಿಸಿ ಕಾವಲು ಕೂಡಿಸಿದ. ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ. ಮೇಷ್ಟ್ರು ಮಕ್ಕಳಿಗೆ ಕತ್ತಿ, ಕುದುರೆ ಹೇಳುತ್ತಾರೆ. ನನಗೆ ಮೊದಲು ಕಾಣುವುದು ಆ ಮೊಹರು. ಮನೆಯ ಹೆಣ್ಣುಮಗಳ ಕೈಯಲ್ಲಿದ್ದ ಬೊಕ್ಕಸದ ಲೆಕ್ಕ ಕೇಳಲು ಹೋದವನ ಗತಿ ಏನಾಗುತ್ತದೆಂದು ನಮ್ಮ ತಾಲ್ಲೂಕಿನ ಗಂಡಸರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಮುಂದೆ 1830ರಲ್ಲಿ ಸಂಗೊಳ್ಳಿ ರಾಯಣ್ಣ ಬೀಡಿ ಊರಿನ ಸರಕಾರಿ ಕಚೇರಿಗೆ ಬೆಂಕಿ ಇಟ್ಟ. ಜಮೀನು ಕಳೆದುಕೊಂಡವನ ಸಿಟ್ಟು, ನ್ಯಾಯವಾದದ್ದೇ. ನನ್ನ ಎದೆಯೂ ಅವನ ಕಡೆಗೇ. ಆದರೂ ಒಂದು ಗಳಿಗೆ ಆ ಕಚೇರಿಯ ಕಾರಕೂನ ನೆನಪಾಗುತ್ತಾನೆ. ಮರುದಿನ ಬೂದಿಯ ಮುಂದೆ ನಿಂತು, ಹಿಂದಿನ ಶಿಲ್ಕು ಎಷ್ಟಿತ್ತೆಂದು ಎಲ್ಲಿಂದ ಎತ್ತಿ ಬರೆದನೋ!

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ನಮ್ಮ ಓಣಿಯ ಗಂಡಸರಿಗೆಲ್ಲ ತಮ್ಮ ತಮ್ಮ ಮನೆಯ ನಿಜವಾದ ಅಢಾವೆ ಪತ್ರಿಕೆ ಗೊತ್ತಾಯಿತು. ಇಳಕಲ್ ಸೀರೆಯ ಮಡಿಕೆ, ಜೋಳದ ಚೀಲ, ದೇವರ ಜಗಲಿಯ ಹಿಂಬದಿ, ಎಲ್ಲಿಂದೆಲ್ಲಿಂದಲೋ ಐನೂರರ ನೋಟುಗಳು ಹೊರಬಿದ್ದವು. ಹೆಂಗಸರಿಗೆ ದುಃಖವಾದದ್ದು ನೋಟು ಹೋದದ್ದಕ್ಕಲ್ಲ, ಬದಲಿಸಿ ತಂದರಲ್ಲ. ಗಂಡನ ಕಣ್ಣಿಗೆ ಬಿತ್ತಲ್ಲ ಎಂದು. ನಮ್ಮ ಮನೆಯಲ್ಲಿ ಏನೂ ಹೊರಬರಲಿಲ್ಲ. ನಾನು ಕೇಳಲೂ ಇಲ್ಲ. ಅವಳ ಬೋರಮಾಳದಲ್ಲಿ ಮಾತ್ರ ಗುಂಡುಗಳು ಮೊದಲಿಗಿಂತ ಒತ್ತೊತ್ತಾಗಿ ಕಂಡವು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಅವಳು ಕಿತ್ತೂರ ಸಂತೆಗೆ ಹೋಗಿಬರುವ ಚಾರ್ಜು ನನ್ನ ಕೀರ್ದಿಯಲ್ಲಿ ಇನ್ನೂ ಬೀಳುತ್ತಲೇ ಇದೆ. "ಬಸ್ಸು" ಎಂದು ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ ನಾಲ್ಕು ರೂಪಾಯಿ ಏರಿತು, ಪತ್ರಿಕೆಯಲ್ಲಿ ಓದಿದ್ದೆ. ಅಂದು ರಾತ್ರಿ ಹೊಸ ವರ್ಷದ ಹೊಸ ಪುಟ ತೆಗೆದು ಕೂತಾಗ ಮನೆಯವಳು ಒಲೆಯ ಮುಂದಿನಿಂದಲೇ, "ಹಾಲು ಆರ ರೂಪಾಯಿ ಜಾಸ್ತಿ ಆತ್ರಿ" ಎಂದಳು. ಆರು ಎಂದೇ ಬರೆದೆ.