ಹೆಂಚಿನ ಮಾಡಿನ ಕೆಳಗೊಂದು ಹುಲ್ಲಿನ ಮಾಡು

ಮಂಗಳೂರಿಗೂ ಚಳಿಗಾಲ ಉಂಟು ಎಂದರೆ ಮಡಿಕೇರಿಯವರು ನಗುತ್ತಾರೆ. ಡಿಸೆಂಬರಿನ ಹಗಲಲ್ಲಿ 32 ಡಿಗ್ರಿ ಸೆಕೆ. ರಾತ್ರಿ 21ಕ್ಕೆ ಇಳಿದರೆ ನಮ್ಮ ಹಿರಿಯರು ಮಫ್ಲರ್ ಹುಡುಕುತ್ತಾರೆ. ಬೆಂಕಿ ಕಾಯಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಆದರೂ ಬೆಂಕಿಗೆ ಪ್ರಿಯವಾದ ಸಾಮಾನುಗಳನ್ನೆಲ್ಲ ಒಂದೇ ಮೂಲೆಗೆ ತಂದು ಅಲಂಕರಿಸುವುದರಲ್ಲಿ ಬಿಜೈಯ ನಮ್ಮ ಕಂಪೌಂಡನ್ನು ಮೀರಿಸುವವರಿಲ್ಲ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಆ ಮೂಲೆಗೆ ಪಕ್ಕದ ಮನೆಯ ಬಾಯಮ್ಮ ಗೋದಲಿ ಎನ್ನುತ್ತಾರೆ.

ಹುಲ್ಲಿನ ಮಾಡಿನ ಕಷ್ಟ ಈ ಊರಿಗೆ ಗೊತ್ತಿಲ್ಲದ್ದೇನಲ್ಲ. ಒಬ್ಬರ ಮಾಡಿಗೆ ಕಿಡಿ ಬಿದ್ದರೆ ನೆರೆಯವರಿಗೂ ಪಾಲು ಸಿಗುತ್ತಿದ್ದ ಕಾಲವೊಂದಿತ್ತು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಯಂತ್ರದಲ್ಲಿ ಒತ್ತಿಸಿಕೊಂಡು, ಬೆಂಕಿಯಲ್ಲೇ ಬೆಂದು, ಬೆಂಕಿಗೆ ಹೆದರದ ಮಾಡಾಗಿ ಕೂತಿತು. ಬಾಯಮ್ಮನ ಮನೆಗೂ ಅದೇ ಜಾತಿಯ ಕೆಂಪು ಹೆಂಚು. ಆದರೆ ಮಾಡಿನಿಂದ ಇಳಿಸಿದ ಮುಳಿಹುಲ್ಲು ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರ್ ಬಂದರೆ ಒಂದೂವರೆ ಅಡಿಯ ಗುಡಿಸಲಾಗಿ, ವಯರಿಂಗ್ ಸಮೇತ, ಹೆಂಚಿನ ಕೆಳಗಿನ ಚಾವಡಿಗೇ ಬಂದು ಕೂರುತ್ತದೆ.

1223ರ ಕ್ರಿಸ್ಮಸ್‌ಗೆ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿಸಿದಾಗ ಸೀರಿಯಲ್ ಸೆಟ್ ಇರಲಿಲ್ಲ. ಪುಣ್ಯವಂತರು. ಬಾಯಮ್ಮನ ಗೋದಲಿಯಲ್ಲಿ ಒಣಹುಲ್ಲಿನ ಮೇಲೆ ಹತ್ತಿಯ ಹಿಮ ಬೇರೆ. ನಮ್ಮ ಸೆಕೆಗೆ ಕರಗದ ಹಿಮವೇ ಬೇಕಲ್ಲ! ಪಕ್ಕದಲ್ಲಿ ಗಾಳಿಮರದ ಕೊಂಬೆ. ಹಬ್ಬ ಬರುವಷ್ಟರಲ್ಲಿ ಅದೂ ಒಣಗಿ ಗರಿಗರಿ. ಇಡೀ ಏರ್ಪಾಟಿನಲ್ಲಿ ಅಗ್ನಿಶಾಮಕ ದಳದ ಪರವಾಗಿ ನಿಂತಿರುವುದು ಮಕ್ಕಳು ತಟ್ಟೆಯಲ್ಲಿ ಬಿತ್ತಿ ಮೊಳೆಯಿಸಿದ ಭತ್ತದ ಹಸಿ ಪೈರು ಮಾತ್ರ.

ಸೀರಿಯಲ್ ಸೆಟ್ ನಮ್ಮದೇ. ದೀಪಾವಳಿಗೆ ನಮ್ಮ ಜಗಲಿಯಲ್ಲಿ ಮಿನುಗಿ, ಕ್ರಿಸ್ಮಸ್‌ಗೆ ಬೇಲಿ ದಾಟಿ, ಆಮೇಲೆ ಯಾರದೋ ಮನೆಯ ಕೋಲಕ್ಕೆ ಹೋಗುತ್ತದೆ. ಸೌಹಾರ್ದ ಸಮಿತಿಗಳಿಗೂ ಇಷ್ಟು ಓಡಾಟ ಇರಲಿಕ್ಕಿಲ್ಲ. ಅದರ ಹಳೆಯ ಬಲ್ಬುಗಳು ಸಾಲಾಗಿ ನಿಂತು 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದು ಸತ್ತರೆ ಇಡೀ ಸಾಲು ಕತ್ತಲೆ. ಆಗ ಬಾಯಮ್ಮನ ಯಜಮಾನರು, ನಮ್ಮ ಪೊರ್ಬುಗಳು, ಸತ್ತದ್ದನ್ನು ಕತ್ತರಿಸಿ ತಂತಿಗೆ ತಂತಿ ಹೊಸೆಯುತ್ತಾರೆ. ಆಸ್ತಿ ಪಾಲಿನಲ್ಲಿ ಆಗುವ ಹಾಗೆ, ಒಬ್ಬ ಹೋದರೆ ಉಳಿದವರಿಗೆ ಹೆಚ್ಚು ವೋಲ್ಟು. ಬಲ್ಬುಗಳು ಇನ್ನಷ್ಟು ಬೆಳಗುತ್ತವೆ, ಇನ್ನಷ್ಟು ಕಾಯುತ್ತವೆ. “ಈ ವರ್ಷ ಬೆಳಕು ಜೋರುಂಟಲ್ಲ ಮಾರಾಯ್ರೆ?” ಎಂದು ಪೊರ್ಬುಗಳು ಹೆಮ್ಮೆಪಟ್ಟರೆ ಮತ್ತೆ ನಾಲ್ಕು ಬಲ್ಬು ತೀರಿಕೊಂಡಿವೆ ಎಂದು ತಿಳಿಯಬೇಕು.

ಈ ಸಲ ಹಬ್ಬಕ್ಕೆ ಬಂದ ಬಾಯಮ್ಮನ ಮಗ ದುಬೈಯಲ್ಲಿ ಸೇಫ್ಟಿ ಆಫೀಸರ್. ಸೂಟ್‌ಕೇಸ್ ಕೆಳಗಿಡುವ ಮೊದಲೇ ಅವನ ಕಣ್ಣು ಕೇಕಿನ ಓವನ್ನಿನ ಮೇಲೆ ಬಿತ್ತು. ಅದರ ದಪ್ಪ ಪಿನ್ನಿಗೆ ಅಡಾಪ್ಟರ್ ತೊಡಿಸಿ 6 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಲಾಗಿತ್ತು.

“2,000 ವಾಟ್‌ಗೆ 230ರ ಭಾಗಾಕಾರ ಮಾಡಿ ಮಮ್ಮಿ, ಹತ್ತಿರ ಹತ್ತಿರ 9 ಆಂಪಿಯರ್!”

“ಭಾಗಾಕಾರ ಮತ್ತೆ ಮಾಡುವ ಮಗಾ, ಈಗ ಆಫ್ ಮಾಡಿದ್ರೆ ಕೇಕ್ ಕೂತುಹೋಗ್ತದೆ.”

ಕೇಕ್ ಎದ್ದ ಮೇಲೆ ಓವನ್ 16 ಆಂಪಿಯರಿನ ಪ್ಲಗ್ಗಿಗೆ ಹೋಯಿತು, ನಮ್ಮ ಸೆಟ್ ನಮಗೆ ವಾಪಸಾಯಿತು, ಗೋದಲಿಗೆ ಎಲ್‌ಇಡಿ ಬಂತು. ಹಂಪನಕಟ್ಟೆಯಿಂದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕೂಡ ಬಂತು. ಬಾಯಮ್ಮ ಅದನ್ನು ಸುತ್ತಿ ಸುತ್ತಿ ನೋಡಿದರು. ಮರುದಿನ ಅದಕ್ಕೆ ಹತ್ತಿಯ ಗಡ್ಡ ಅಂಟಿತ್ತು, ತಲೆಗೆ ಟೊಪ್ಪಿ. ಕ್ರಿಸ್ಮಸ್ ತಾತ ಚೆನ್ನಾಗಿದ್ದಾನೆಂದು ಬಂದವರೆಲ್ಲ ಹೊಗಳಿದರು. ಎಳೆಯಬೇಕಾದ ಪಿನ್ ಗಡ್ಡದೊಳಗೆ ಎಲ್ಲೋ ಇದೆ. ಇನ್ನು ಬೆಂಕಿ ಬಿದ್ದರೆ ಮೊದಲು ಕ್ಷೌರ, ಆಮೇಲೆ ಶಮನ.

ಬಾಯಮ್ಮನಿಗೆ ಬೆಂಕಿಯ ಭಯವಿಲ್ಲ ಎಂದುಕೊಳ್ಳಬೇಡಿ. ಹಬ್ಬದ ತಿಂಡಿ ಕುಸ್ವಾರ್ ಮಾಡುವ ದಿನ ಅವರನ್ನು ಒಲೆಯ ಮುಂದೆ ನೋಡಬೇಕು. ಈ ಸಲ ಕಂಪೌಂಡಿನ ನಾವೆಲ್ಲ ಕೂತು ಫೋರ್ಕಿನ ಬೆನ್ನ ಮೇಲೆ ಕಿಡಿಯೊ ಸುರುಳಿ ಸುತ್ತುತ್ತಿದ್ದೆವು. ಮಾತಿನ ಭರದಲ್ಲಿ ಬಾಣಲೆಯ ತೆಂಗಿನೆಣ್ಣೆ ಹೊಗೆಯಾಡಿ ಭಗ್ಗೆಂದಿತು. ನಾವು ಕಿರುಚಿದೆವು. ಬಾಯಮ್ಮ ಕಿರುಚದೆ ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿದರು. ಗಾಳಿ ಸಿಗದ ಬೆಂಕಿ ಅಲ್ಲೇ ಸತ್ತಿತು. ಮಗ ಓಡಿ ಬಂದು, “ನೀರು ಹಾಕ್ಬೇಡಿ!” ಎಂದ.

“ನೀರು ಹಾಕ್ಲಿಕ್ಕೆ ನಾನೇನು ದುಬೈಯಿಂದ ಬಂದವಳಾ?”

ಆದರೂ ಅವನು ಬಿಡದೆ ವಿವರಿಸಿದ. ನೀರು ಎಣ್ಣೆಯ ಅಡಿಗಿಳಿದು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದಂತೆ, ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎರಚುತ್ತದಂತೆ. ಬಾಯಮ್ಮ ಮುಚ್ಚಳದ ಮೇಲೆ ಕಣ್ಣಿಟ್ಟು, ಅದು ತಣಿಯುವವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಒಲೆಯ ಬೆಂಕಿಯ ಹತ್ತಿರ ಇಷ್ಟು ಬಿಗಿ ಇರುವವರಿಗೆ ಚಾವಡಿಯದ್ದು ಬೆಂಕಿಯೆಂದೇ ತೋರುವುದಿಲ್ಲ. ಅದಕ್ಕೆ ಬಣ್ಣ ಉಂಟಲ್ಲ!

24ರ ಸಂಜೆ ಇಗರ್ಜಿಗೆ ಹೊರಟಾಗ (ನಡುರಾತ್ರಿಯ ಪೂಜೆ ಈಗ ಹಲವು ಕಡೆ ಸಂಜೆಗೇ ಶುರು) ಮಗ ಮೈನ್ ಸ್ವಿಚ್ಚನ್ನೇ ಇಳಿಸಿದ. “ಫ್ರಿಜ್ಜಲ್ಲಿ ಹಂದಿಮಾಂಸ ಉಂಟು!” ಎಂದು ಕತ್ತಲಲ್ಲಿ ಪೊರ್ಬುಗಳ ಆರ್ತನಾದ. ಕೊನೆಗೆ ಚಾವಡಿಯ ಎಂಸಿಬಿ ಮಾತ್ರ ಇಳಿಸುವುದೆಂದು ರಾಜಿಯಾಯಿತು. ಬೀಗದ ಕೈ ನನಗೆ ಕೊಟ್ಟು ಮಗ ಹೇಳಿದ: “ಏನಾದ್ರೂ ಆದ್ರೆ ಯಾವ ಸಾಮಾನು ತೆಗೀಲಿಕ್ಕೂ ಒಳಗೆ ಹೋಗ್ಬೇಡಿ ಆಂಟಿ. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ.”

ಬಾಯಮ್ಮ ಗಂಭೀರವಾಗಿ ತಲೆಯಾಡಿಸಿದರು. ಅವನು ಕಾರಿನತ್ತ ತಿರುಗಿದ್ದೇ ತಡ, ಸೀರೆಯ ಸೆರಗಿನಡಿಯಿಂದ ಕುಸ್ವಾರಿನ ಡಬ್ಬ ತೆಗೆದು ನನ್ನ ಕೈಗಿಟ್ಟರು.

“ಮನೆಗೆ ಇನ್ಶೂರೆನ್ಸ್ ಉಂಟು. ಇದಕ್ಕಿಲ್ಲ.”